ಉಂಡು ಅರಿಯಬೇಕಾದ ನಗರಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ದೇಶ ಸುತ್ತ ಹೊರಟವನು ಮಧ್ಯಾಹ್ನದ ಊಟವನ್ನು ಎಲ್ಲಿ ಮಾಡಬೇಕೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗೆ ತೋರಿರಲಾರದು. ಅಂದಿನ ಪ್ರಯಾಣಿಕನ ಹೆಗಲ ಮೇಲೆ ಬುತ್ತಿಯ ಗಂಟಿರುತ್ತಿತ್ತು. ಅದರಲ್ಲಿ ಅವಲಕ್ಕಿಯೋ ಹುರಿಹಿಟ್ಟೋ ರೊಟ್ಟಿ ಚಟ್ನಿಪುಡಿಯೋ ಇರುತ್ತಿತ್ತು. ಬುತ್ತಿ ಮುಗಿಯುವ ಹೊತ್ತಿಗೆ ನೆಂಟರ ಮನೆಯೋ ಸ್ವಜನರ ಛತ್ರವೋ ಮಠವೋ ಸಿಗುತ್ತಿತ್ತು. ಹೀಗಾಗಿ ಕಾಶಿಗೆ ಹೋಗಿ ಬಂದವನು ಸಹ ನೂರಾರು ಊರುಗಳನ್ನು ಕಣ್ಣಿನಿಂದ ಕಂಡು ಬರುತ್ತಿದ್ದನೇ ಹೊರತು ಒಂದು ಊರನ್ನಾದರೂ ನಾಲಗೆಯಿಂದ ಅರಿತು ಬರುತ್ತಿರಲಿಲ್ಲ. ಊರು ಬದಲಾದರೂ ಅವನು ಕೂರುವ ಪಂಕ್ತಿ ಬದಲಾಗುತ್ತಿರಲಿಲ್ಲ.

ಹಣ ಕೊಟ್ಟು, ಅಪರಿಚಿತರ ಕೈಯ ಅಡಿಗೆಯನ್ನು, ಅಪರಿಚಿತರ ಪಕ್ಕದಲ್ಲಿ ಕುಳಿತು ಉಣ್ಣುವ ಪದ್ಧತಿ ನಮ್ಮ ಗೃಹಸ್ಥರಿಗೆ ರೂಢಿಯಾದುದು ಈಚಿನ ನೂರು ನೂರೈವತ್ತು ವರ್ಷಗಳಲ್ಲಿ. ಈ ಪದ್ಧತಿಗೆ ನಮ್ಮಲ್ಲಿ ಸರಿಯಾದ ಹೆಸರೂ ಇರಲಿಲ್ಲ. ‘ಹೋಟೆಲು’ ಎಂಬ ಮಾತಿಗೆ ಮೂಲದಲ್ಲಿ ತಂಗುವ ಸ್ಥಳವೆಂದು ಅರ್ಥ. ಕನ್ನಡಿಗರು ಅದನ್ನು ತಿನ್ನುವ ಸ್ಥಳವನ್ನಾಗಿ ಮಾಡಿಕೊಂಡರು. ಸಂಸ್ಕೃತ ಬಲ್ಲವರು ‘ಉಪಾಹಾರ ಗೃಹ’ವೆಂದು ಹೆಸರಿಟ್ಟರೆ, ಫಲಕ ಬರೆಯುವವರು ಅದನ್ನು ‘ಉಪಹಾರ ಗೃಹ’ವೆಂದು ಬರೆದು, ತಿಂಡಿಯ ಮನೆಯನ್ನು ಕಾಣಿಕೆಯ ಮನೆಯನ್ನಾಗಿಸಿದರು. ಅಲ್ಲಿ ಯಾವುದೂ ಕಾಣಿಕೆಯಾಗಿ ಬರುವುದಿಲ್ಲವೆಂಬುದು ಒಳಗೆ ಹೋದವರಿಗೆ ಬಿಲ್ಲಿನಿಂದಲೇ ತಿಳಿಯುತ್ತದೆ.

ಹೊಸ ನಗರಕ್ಕೆ ಹೋಗುವ ಕುಟುಂಬಗಳು ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡಿರುತ್ತವೆ. ಮುಂಬಯಿಗೆ ಹೊರಟವರ ಪಟ್ಟಿಯಲ್ಲಿ ಗೇಟ್‌ವೇ, ಎಲಿಫೆಂಟಾ ಗುಹೆಗಳು, ರಾಣಿಬಾಗು, ಮಹಾಲಕ್ಷ್ಮಿಯ ಗುಡಿ ಇದ್ದೇ ಇರುತ್ತವೆ. ಊಟವೆಂಬುದು ಈ ಸ್ಥಳಗಳ ನಡುವೆ ಹೇಗೋ ಮುಗಿಸಬೇಕಾದ ಕೆಲಸ. ಆದರೆ ಮುಂಬಯಿಯ ಮಟ್ಟಿಗೆ ಈ ಲೆಕ್ಕ ತಲೆಕೆಳಗಾದುದು. ಆ ನಗರವನ್ನು ಯಾರು ಕಟ್ಟಿದರು, ಎಲ್ಲಿಂದ ಬಂದು ಕಟ್ಟಿದರು, ಏನನ್ನು ಬಿಟ್ಟು ಬಂದರು ಎಂಬ ಕಥೆ ಕಲ್ಲಿನ ಕಮಾನುಗಳಿಗಿಂತ ಊಟದ ಮನೆಗಳಲ್ಲಿ ಹೆಚ್ಚು ಸ್ಪಷ್ಟವಾಗಿದೆ.

ಒಲೆಯಿಲ್ಲದವರ ಊರು

1853ನೆಯ ಇಸವಿಯ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ರೈಲುಗಾಡಿ ಓಡಿತು. ಮರುವರ್ಷವೇ ಕಾವಸಜೀ ದಾವರ್ ಎಂಬ ಪಾರಸಿ ಉದ್ಯಮಿ ಅಲ್ಲಿ ಹತ್ತಿಯ ಗಿರಣಿಯೊಂದಕ್ಕೆ ತಳಹದಿ ಹಾಕಿದರು. ಆಮೇಲೆ ಒಂದರ ಹಿಂದೊಂದರಂತೆ ಗಿರಣಿಗಳ ಚಿಮಣಿಗಳು ಎದ್ದವು, ಬಂದರು ಬೆಳೆಯಿತು, ಕಚೇರಿಗಳು ತುಂಬಿದವು. ಕೊಂಕಣದ ರತ್ನಾಗಿರಿಯಿಂದ, ಘಟ್ಟದ ಮೇಲಿನ ಸಾತಾರದಿಂದ, ಗುಜರಾತದಿಂದ, ಗೋವೆಯಿಂದ, ನಮ್ಮ ಕರಾವಳಿಯಿಂದ ಜನ ಹರಿದುಬಂದರು. ಬಂದವರಲ್ಲಿ ಬಹುಪಾಲು ಗಂಡಸರು, ಅವರಲ್ಲಿ ಬಹುಪಾಲು ಒಂಟಿಯಾಗಿ ಬಂದವರು. ಹೆಂಡತಿ ಮಕ್ಕಳು ಊರಿನಲ್ಲಿ, ದುಡಿಯುವವನು ಮುಂಬಯಿಯಲ್ಲಿ. ಒಂದು ಖೋಲಿಯಲ್ಲಿ ಹತ್ತು ಹದಿನೈದು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದರು. ಮಲಗಲು ಜಾಗ ಹೇಗೋ ದೊರೆಯಿತು. ಅಡಿಗೆಯ ಒಲೆಗೆ ಜಾಗವಿರಲಿಲ್ಲ, ಒಲೆಯ ಮುಂದೆ ಕೂರಲು ಸಮಯವೂ ಇರಲಿಲ್ಲ.

ಮುಂಬಯಿಯ ಊಟದ ಮನೆಗಳೆಲ್ಲವೂ ಈ ಒಲೆಯಿಲ್ಲದ ಜನರ ಹಸಿವಿನಿಂದ ಹುಟ್ಟಿದವು. ಹಸಿವು ಒಂದೇ ಆದರೂ ಅದರೊಂದಿಗೆ ನೂರೆಂಟು ಕಟ್ಟುಪಾಡುಗಳೂ ಬಂದಿದ್ದವು. ಯಾರ ಕೈಯ ನೀರು ಸಲ್ಲುತ್ತದೆ, ಯಾರ ಪಕ್ಕದಲ್ಲಿ ಕೂರಬಹುದು ಎಂಬ ಪ್ರಶ್ನೆ ಅಂದು ವಿನೋದದ ವಿಷಯವಾಗಿರಲಿಲ್ಲ. 1890ರ ಅಕ್ಟೋಬರಿನಲ್ಲಿ ಪುಣೆಯ ಪಂಚ್ ಹೌದ್ ಮಿಶನ್ನಿನ ಒಂದು ಸಭೆಯಲ್ಲಿ ಅತಿಥಿಗಳಿಗೆ ಚಹ, ಬಿಸ್ಕತ್ತು ನೀಡಲಾಯಿತು. ಮಹಾದೇವ ಗೋವಿಂದ ರಾನಡೆ, ಬಾಲಗಂಗಾಧರ ತಿಲಕರಂಥವರು ಅಲ್ಲಿದ್ದರು. ಕ್ರೈಸ್ತರ ಮನೆಯ ಚಹದ ಬಟ್ಟಲು ಎದ್ದು ಬಂದು ಊರ ಜಗಳವಾಯಿತು. ವಿಚಾರ ಶಂಕರಾಚಾರ್ಯರ ಪೀಠದವರೆಗೂ ಹೋಗಿ, ಪ್ರಾಯಶ್ಚಿತ್ತದಲ್ಲಿ ಮುಗಿಯಿತು. ದೇಶದ ಮುಂದಾಳುಗಳ ಪಾಡೇ ಹೀಗಿದ್ದಮೇಲೆ ಸಾಮಾನ್ಯ ಗುಮಾಸ್ತನ ಪಾಡೇನು?

ಗುಮಾಸ್ತರಿಗೆ ಆ ವರ್ಷವೇ ಒಂದು ದಾರಿ ಕಂಡಿತು. ಮಹಾದೇವ ಹಾವಜೀ ಬಚ್ಚೆ ಎಂಬುವರು 1890ರಲ್ಲಿ ಮನೆಯ ಅಡಿಗೆಯನ್ನು ಡಬ್ಬಿಯಲ್ಲಿ ಕಚೇರಿಗೆ ಒಯ್ದು ಕೊಡುವ ವ್ಯವಸ್ಥೆಯನ್ನು ಆರಂಭಿಸಿದರೆಂದು ಡಬ್ಬಾವಾಲರ ಇತಿಹಾಸ ಹೇಳುತ್ತದೆ. ಬಿಳಿಯ ಟೋಪಿಯ ಈ ಡಬ್ಬಾವಾಲರನ್ನು ಇಂದಿಗೂ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಮಧ್ಯಾಹ್ನ ಕಾಣಬಹುದು. ಮನೆಯಲ್ಲಿ ಒಲೆಯಿದ್ದವನಿಗೆ ಡಬ್ಬಿ ಬಂತು. ಇಲ್ಲದವನು ಬೀದಿಗೆ ಇಳಿಯಬೇಕಾಯಿತು.

ಮೂಲೆಯ ಇರಾಣಿ

ಬೀದಿಗೆ ಇಳಿದವನಿಗೆ ಮೊದಲು ಕಂಡದ್ದು ಇರಾಣಿಯ ಅಂಗಡಿ. ಪಾರಸಿಗಳು ಶತಮಾನಗಳ ಹಿಂದೆಯೇ ಪಶ್ಚಿಮ ತೀರಕ್ಕೆ ಬಂದು ನೆಲೆಸಿದವರು. ಇರಾಣಿಗಳೆಂದು ಮುಂಬಯಿ ಕರೆಯುವ ಜನ 19ನೆಯ ಶತಮಾನದ ಕೊನೆಯಲ್ಲಿ, 20ನೆಯ ಶತಮಾನದ ಆರಂಭದಲ್ಲಿ ಯಜ್ದ್, ಕೆರ್ಮಾನ್ ಮೊದಲಾದ ಪ್ರಾಂತಗಳಿಂದ ಬಂದವರು, ಬಡತನದಿಂದ ಬಂದವರು. ಅವರಲ್ಲಿ ಹೆಚ್ಚಿನವರು ಜರತುಷ್ಟ್ರನ ಅನುಯಾಯಿಗಳು, ಕೆಲವರು ಮುಸಲ್ಮಾನರು. ಬೀದಿಯ ಮೂಲೆಯ ಮಳಿಗೆ ಅಶುಭವೆಂದು ಹಿಂದೂ ವರ್ತಕರು ಬಿಟ್ಟರೆಂದೂ, ಆ ನಂಬಿಕೆಯಿಲ್ಲದ ಇರಾಣಿಗಳು ಅದನ್ನೇ ಕಡಿಮೆ ಬಾಡಿಗೆಗೆ ಹಿಡಿದರೆಂದೂ ಮುಂಬಯಿಯಲ್ಲಿ ಹೇಳಿಕೆಯುಂಟು. ಕಾರಣವೇನೇ ಇರಲಿ, ಎರಡು ಬೀದಿಗೂ ಬಾಗಿಲು ತೆರೆದು, ಗಾಳಿ ಬೆಳಕಿನಿಂದ ತುಂಬಿದ ಮೂಲೆಯ ಅಂಗಡಿ ಇರಾಣಿಯ ಗುರುತಾಯಿತು.

ಧೋಬಿ ತಲಾವಿನ ಜೇರ್ ಮಹಲ್ ಕಟ್ಟಡದಲ್ಲಿ 1904ರಲ್ಲಿ ತೆರೆದ ‘ಕಯಾನಿ’ಯನ್ನು ಈಗಲೂ ಪ್ರವಾಸಿಗಳು ನೋಡಬಹುದು. ಬಾಗಿಸಿದ ಮರದ ಕುರ್ಚಿಗಳು, ಚೌಕಳಿಯ ಮೇಜುವಸ್ತ್ರ, ಗೋಡೆಯ ಕನ್ನಡಿಗಳು, ಗಾಜಿನ ಭರಣಿಗಳಲ್ಲಿ ಬಿಸ್ಕತ್ತು. ಗಟ್ಟಿ ಹೊರಪದರದ ‘ಬ್ರುನ್’ ಪಾವಿಗೆ ಬೆಣ್ಣೆ ಹಚ್ಚಿ, ಸಿಹಿಯಾದ ಗಟ್ಟಿ ಚಹದಲ್ಲಿ ಅದ್ದಿ ತಿನ್ನುವುದು ಅಲ್ಲಿನ ಪದ್ಧತಿ. ಬ್ಯಾಲಾರ್ಡ್ ಎಸ್ಟೇಟಿನ ‘ಬ್ರಿಟಾನಿಯಾ’ 1923ರದು. ಇರಾಣದ ಹುಳಿಹಣ್ಣುಗಳನ್ನು ಬೆರೆಸಿದ ಅದರ ಬೆರ್ರಿ ಪುಲಾವು ಹೆಸರುವಾಸಿಯಾದುದು.

ಇರಾಣಿಯ ಹೆಚ್ಚಳ ರುಚಿಗಿಂತಲೂ ಬೇರೊಂದರಲ್ಲಿತ್ತು. ಆತ ಒಳಬಂದವನ ಕುಲಗೋತ್ರ ಕೇಳಲಿಲ್ಲ. ಕೇಳಿದರೂ ಅದು ಆತನಿಗೆ ಅರ್ಥವಾಗುವಂಥದಾಗಿರಲಿಲ್ಲ. ಒಂದು ಬಟ್ಟಲು ಚಹಕ್ಕೆ ಬೆಲೆ ಕೊಟ್ಟ ಗಿರಣಿಯ ಕಾರ್ಮಿಕನೂ ಕಾಲೇಜಿನ ವಿದ್ಯಾರ್ಥಿಯೂ ವಕೀಲನೂ ಒಂದೇ ಮೇಜಿನಲ್ಲಿ ಕುಳಿತು ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದಿದರು. ಆದರೆ ಶಿಸ್ತಿಗೆ ಮಾತ್ರ ಕೊರತೆಯಿರಲಿಲ್ಲ. ತಲೆ ಬಾಚಬೇಡಿ, ಜಗಳವಾಡಬೇಡಿ, ಬಹಳ ಹೊತ್ತು ಕೂರಬೇಡಿ ಎಂಬಂಥ ಸೂಚನೆಗಳು ಗೋಡೆಯ ತುಂಬ ಇರುತ್ತಿದ್ದವು. ಮುಂಬಯಿಯ ಇಂಗ್ಲಿಷ್ ಕವಿ ನಿಸ್ಸಿಮ್ ಇಝೆಕಿಯೆಲ್ ಅಂಥ ಸೂಚನೆಗಳನ್ನೇ ಜೋಡಿಸಿ ಒಂದು ಕವಿತೆ ಮಾಡಿದರು. ಹೆಂಗಸರಿಗಾಗಿ ಒಳಗೊಂದು ‘ಫ್ಯಾಮಿಲಿ ರೂಮ್’ ಇರುತ್ತಿತ್ತು. ಹೊರಗೆ ಹೋಗಿ ಚಹ ಕುಡಿಯುವುದನ್ನೇ ಅರಿಯದ ಎಷ್ಟೋ ಗೃಹಿಣಿಯರು ಮೊತ್ತಮೊದಲು ಹೋಟೆಲಿನ ಕುರ್ಚಿಯ ಮೇಲೆ ಕುಳಿತದ್ದು ಆ ಮರದ ಅಡ್ಡಗೋಡೆಯ ಹಿಂದೆ. ಇಂದು ಅಡ್ಡಗೋಡೆ ಅನಾವಶ್ಯಕವೆನಿಸಬಹುದು; ಅಂದು ಮನೆಯಿಂದ ಹೊರಬರಲು ಅದೇ ಧೈರ್ಯ ಕೊಟ್ಟಿತು.

ಗಿರಣಗಾಂವದ ತಾಯಂದಿರು

ಚಹದಿಂದ ಹೊಟ್ಟೆ ತುಂಬುವುದಿಲ್ಲ. ಪರೇಲ್, ಲಾಲ್‌ಬಾಗ್, ವರಳಿಗಳ ಗಿರಣಿ ಕಾರ್ಮಿಕನಿಗೆ ಎರಡು ಹೊತ್ತಿನ ಊಟ ಬೇಕಿತ್ತು. ಅದನ್ನು ಒದಗಿಸಿದ್ದು ಖಾನಾವಳಿ. ಬೆಳಗಾವಿ, ಧಾರವಾಡದ ಕಡೆಯ ವಾಚಕರಿಗೆ ಈ ಮಾತು ಹೊಸದಲ್ಲ. ಆದರೆ ಗಿರಣಗಾಂವದ ಖಾನಾವಳಿಗೆ ಫಲಕವಿರಲಿಲ್ಲ, ಮೇಜು ಕುರ್ಚಿಗಳಿರಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಒಬ್ಬ ಹೆಂಗಸು ತನ್ನ ಮನೆಯವರೊಂದಿಗೆ ಹತ್ತಾರು ಕಾರ್ಮಿಕರಿಗೂ ಬೇಯಿಸುತ್ತಿದ್ದಳು. ಭಾಕರಿ, ಅನ್ನ, ಮೀನಿನ ಸಾರು, ಒಂದು ಪಲ್ಯ. ಹಣ ತಿಂಗಳ ಕೊನೆಗೆ. ಬೆಳಗಿನ ಪಾಳಿಯವನಿಗೆ ನಸುಕಿನಲ್ಲಿ, ರಾತ್ರಿಯ ಪಾಳಿಯವನಿಗೆ ಸರಿರಾತ್ರಿಯಲ್ಲಿ ಬಡಿಸಬೇಕು. ತಿಂಗಳ ಸಾಮಾನಿಗೆ ಮೊದಲೇ ಹಣ ಬೇಕಾಗಿ, ಸಾಹುಕಾರನಲ್ಲಿ ಒಡವೆ ಅಡವಿಟ್ಟು ಬಡ್ಡಿ ಕಟ್ಟುವುದರಲ್ಲಿ ಲಾಭವೆಲ್ಲ ಕರಗುತ್ತಿತ್ತು. ಮುಂಬಯಿಯ ಬಟ್ಟೆ ದೇಶಾಂತರ ಹೋಯಿತು. ಅದನ್ನು ನೆಯ್ದವನಿಗೆ ಅನ್ನ ಹಾಕಿದ ಕೈಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಲೆಕ್ಕವಿಟ್ಟವರು ಪ್ರೇಮಾ ಪುರವ್. ಗೋವೆಯ ವಿಮೋಚನಾ ಹೋರಾಟದಲ್ಲಿ ಗುಂಡೇಟು ತಿಂದು, ಮುಂದೆ ಮುಂಬಯಿಯ ಕಾರ್ಮಿಕರ ನಡುವೆ ದುಡಿದ ಈ ಮಹಿಳೆ 1975ರಲ್ಲಿ ಖಾನಾವಳಿಯ ಹೆಂಗಸರನ್ನು ಸೇರಿಸಿ ‘ಅನ್ನಪೂರ್ಣಾ ಮಹಿಳಾ ಮಂಡಳ’ವನ್ನು ಕಟ್ಟಿದರು. ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದವರು ಬ್ಯಾಂಕಿನ ಮೆಟ್ಟಿಲು ಹತ್ತಿ ಸಹಿ ಮಾಡುವುದನ್ನು ಕಲಿತರು. ಅಷ್ಟರಲ್ಲಿ ದೊಡ್ಡ ವಿಪತ್ತು ಬಂದಿತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ತೆರೆಯಲೇ ಇಲ್ಲ. ಉಣ್ಣುವವರು ಊರಿಗೆ ಮರಳಿದಮೇಲೆ ಬಡಿಸುವವರ ಪಾತ್ರೆಗಳೂ ಬರಿದಾದವು. ಇಂದು ಆ ಚಿಮಣಿಗಳ ನೆರಳಿನಲ್ಲಿ ಥಳಥಳಿಸುವ ಮಾಲ್‌ಗಳು ನಿಂತಿವೆ. ಅಲ್ಲಿನ ಹವಾನಿಯಂತ್ರಿತ ಊಟದ ಮನೆಗೆ ಹೋಗುವ ಪ್ರವಾಸಿಗಳು ಒಂದು ಕ್ಷಣ ಈ ತಾಯಂದಿರನ್ನು ನೆನೆಯುವುದು ಉಚಿತ.

ಆ ಕಾಲದ ರುಚಿಯ ಒಂದು ಅಂಶ ಬೀದಿಯಲ್ಲಿ ಉಳಿದಿದೆ. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬುವರು ಬಟಾಟೆ ವಡೆಯನ್ನು ಪಾವಿನೊಳಗಿಟ್ಟು ಮಾರಿದರೆಂದೂ, ವಡಾ ಪಾವ್ ಹುಟ್ಟಿದ್ದು ಹಾಗೆಂದೂ ಪ್ರತೀತಿ. ಪಾವ್ ಎಂಬ ಹೆಸರು ಪೋರ್ತುಗೀಸರದು, ಅದನ್ನು ಮುಂಬಯಿಗೆ ತಂದವರು ಗೋವೆಯ ಬೇಕರಿಯವರು. ಬಟಾಟೆ ಅಮೆರಿಕ ಖಂಡದ ಗಡ್ಡೆ. ಬೆಳ್ಳುಳ್ಳಿ ಚಟ್ನಿಯ ಪುಡಿ ಮರಾಠಿ ಮನೆಯದು. ಒಂದೇ ಕೈಯಲ್ಲಿ ಹಿಡಿದು, ರೈಲು ಹಿಡಿಯುವ ಅವಸರದಲ್ಲಿ ತಿನ್ನಬಹುದಾದ ಊಟ ಬೇಕಾಗಿದ್ದವನಿಗಾಗಿ ಇಷ್ಟು ದೇಶಗಳು ಒಂದಾದವು.

ಮಾಟುಂಗದ ಬಾಳೆಲೆ

ಕನ್ನಡಿಗ ಪ್ರವಾಸಿಯ ಕಾಲು ತಾನಾಗಿ ಎಳೆಯುವ ಸ್ಥಳ ಮಾಟುಂಗ. 1896ರ ಪ್ಲೇಗಿನ ಅನಂತರ ನಗರವನ್ನು ಉತ್ತರಕ್ಕೆ ಬೆಳೆಸುವ ಸಲುವಾಗಿ ಹಾಕಿದ ಬಡಾವಣೆಗಳಲ್ಲಿ ಅದೂ ಒಂದು. ರೈಲ್ವೆ ಮತ್ತು ಕಚೇರಿಗಳ ನೌಕರಿಗೆ ಬಂದ ದಕ್ಷಿಣದ ಗುಮಾಸ್ತರು ಅಲ್ಲಿ ನೆಲೆಸಿದರು. ಅವರಿಗೆ ಅನ್ನ, ಸಾರು, ಮಜ್ಜಿಗೆ ಬೇಕಿತ್ತು. ಬೆಳಗ್ಗೆ ಕಾಫಿ ಬೇಕಿತ್ತು. ಅದನ್ನು ಕೊಡಲು ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರುಗಳ ಕಡೆಯಿಂದ ಹುಡುಗರು ಬಂದರು. ಕೊಂಕಣ ರೈಲು ಪೂರ್ಣವಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಎಷ್ಟೋ ವರ್ಷ ಆ ಹುಡುಗರ ದಾರಿ ಮಂಗಳೂರಿನ ಹಡಗಿನ ಕಟ್ಟೆಯಿಂದ ಮುಂಬಯಿಯ ಹಡಗಿನ ಕಟ್ಟೆಗೆ. ಕೈಯಲ್ಲಿ ಒಂದು ಗಂಟು, ಜೇಬಿನಲ್ಲಿ ಊರಿನವರೊಬ್ಬರ ವಿಳಾಸ.

ದಕ್ಷಿಣ ಕನ್ನಡದ ಹಳ್ಳಿಯಿಂದ ಬಾಲ್ಯದಲ್ಲಿಯೇ ಬಂದು, ಹೋಟೆಲುಗಳಲ್ಲಿ ದುಡಿದು ಮೇಲೆ ಬಂದ ಎ. ರಾಮ ನಾಯಕರು ಅಂಥವರಲ್ಲೊಬ್ಬರು. ಅವರು 1936ರಲ್ಲಿ ‘ಕೆಫೆ ಮೈಸೂರ್’ ತೆರೆದರು. 1942ರಲ್ಲಿ ಮಾಟುಂಗ ನಿಲ್ದಾಣದ ಬಳಿ ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’ ಆರಂಭವಾಯಿತು. ಮಹಡಿಯ ಮೇಲಿನ ಆ ಊಟದ ಮನೆಯಲ್ಲಿ ಇಂದಿಗೂ ಬಾಳೆಲೆಯ ಊಟ ಸಿಗುತ್ತದೆ. ಸರದಿಗಾಗಿ ಕಾಯುವವರ ಸಾಲೂ ಇರುತ್ತದೆ. ಹತ್ತಿರದಲ್ಲಿಯೇ 1940ರ ‘ಕೆಫೆ ಮದ್ರಾಸ್’. ಹೆಸರು ಮದ್ರಾಸಿನದಾದರೂ ಒಡೆತನ ಕರಾವಳಿಯ ಕಾಮತ್ ಮನೆತನದ್ದು. ಮುಂಬಯಿಗೆ ವಿಂಧ್ಯದ ದಕ್ಷಿಣವೆಲ್ಲ ಮದ್ರಾಸೇ ಆಗಿದ್ದ ಕಾಲದ ಗುರುತು ಅದು.

ಉಡುಪಿಯ ಅಡಿಗೆಗೇ ಈ ಭಾಗ್ಯ ಏಕೆ ಒದಗಿತು? ಶ್ರೀಕೃಷ್ಣ ಮಠದ ಪಾಕಶಾಲೆಯಲ್ಲಿ ಸಾವಿರ ಜನಕ್ಕೆ ಅಡಿಗೆ ಮಾಡುವ ಕೈಗಳು ಪಳಗಿದ್ದವು ಎಂಬುದೊಂದು ಕಾರಣ. ಬ್ರಾಹ್ಮಣನು ಮಾಡಿದ ಅಡಿಗೆಯನ್ನು ಯಾವ ಜಾತಿಯವನಾದರೂ ಆಕ್ಷೇಪಣೆಯಿಲ್ಲದೆ ಉಣ್ಣುತ್ತಿದ್ದನೆಂಬುದು ಮತ್ತೊಂದು. ಅಂದರೆ, ಉಡುಪಿ ಹೋಟೆಲು ಮೊದಲಿಗೆ ಕಟ್ಟುಪಾಡನ್ನು ಮುರಿಯಲಿಲ್ಲ. ಕಟ್ಟುಪಾಡಿನ ಲಾಭವನ್ನೇ ಪಡೆಯಿತು. ಮುಂದೆ ಬಂಟರೂ ಇತರ ಸಮಾಜದವರೂ ದೊಡ್ಡ ಪ್ರಮಾಣದಲ್ಲಿ ಈ ಉದ್ಯಮಕ್ಕೆ ಬಂದರು. ಅಡಿಗೆಯವನ ಜಾತಿಯನ್ನು ಕೇಳುವ ಚಾಳಿ ಹಾಗೆಯೇ ಸವೆಯಿತು. ಸಾಂಬಾರು ಗುಜರಾತಿಗಳ ನಾಲಗೆಗಾಗಿ ಸಿಹಿಯಾಯಿತು. ಮೈಸೂರಿನವರೇ ಗುರುತಿಸಲಾರದಂಥ ‘ಮೈಸೂರು ಮಸಾಲೆ’ ಅಲ್ಲಿ ಅವತರಿಸಿತು. ಉಡುಪಿಯಿಂದ ಬಂದವರು ಇದನ್ನು ಕಂಡು ನಗಬಹುದು. ಆದರೆ ಗಿರಾಕಿಯ ರುಚಿಯನ್ನು ಗೌರವಿಸಿದ್ದರಿಂದಲೇ ಆ ಹೋಟೆಲುಗಳು ಪರನಾಡಿನಲ್ಲಿ ಬೇರೂರಿದವು.

ಈ ಹೋಟೆಲುಗಳ ಇತಿಹಾಸದಲ್ಲಿ ಹೆಮ್ಮೆಯೊಂದಿಗೆ ನೋವಿನ ಪುಟವೂ ಇದೆ. ‘ಮಾಣಿ’ ಎಂದರೆ ಕರಾವಳಿಯ ಕನ್ನಡದಲ್ಲಿ ಹುಡುಗ. ಹೋಟೆಲಿನಲ್ಲಿ ಆ ಮಾತಿಗೆ ಬಡಿಸುವವನೆಂಬ ಅರ್ಥ ಬಂದಿತು. ಮಾತಿನ ಅರ್ಥ ಹೀಗೆ ಬದಲಾಗಬೇಕಾದರೆ ಎಷ್ಟು ಹುಡುಗರು ಮೇಜು ಒರೆಸಿರಬೇಕು, ಲೋಟ ತೊಳೆದಿರಬೇಕು! ಹಗಲು ದುಡಿದ ಅವರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ತೆರೆದರು. ಮೊಗವೀರ ಸಮಾಜದವರ ಪ್ರಯತ್ನ 20ನೆಯ ಶತಮಾನದ ಮೊದಲ ದಶಕದಷ್ಟು ಹಳೆಯದು. ರಾತ್ರಿ ಎಂಟು ಗಂಟೆಗೆ ಕೈತೊಳೆದು ಪಾಟಿ ಹಿಡಿದ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಹೋಟೆಲಿನ ಒಡೆಯರಾದರು, ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಶಾಲೆಯ ಮೆಟ್ಟಿಲು ಹತ್ತಲಾಗದೆ ಉಳಿದವರೂ ಅಷ್ಟೇ ಮಂದಿ ಇದ್ದಿರಬೇಕು. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಈಗಲೂ ಎಲ್ಲಿಯಾದರೂ ಎಳೆಯ ಕೈಯೊಂದು ನೀರಿನ ಲೋಟ ತಂದಿಟ್ಟರೆ, ಗಿರಾಕಿಯಾದವನು ಅದನ್ನು ಕಾಣದಂತೆ ಇರಬಾರದು.

ಬಾಗಿಲ ಹೊರಗೆ ನಿಂತವರು

ಹೋಟೆಲು ಎಲ್ಲರನ್ನೂ ಸೇರಿಸಿತೆಂದು ಹೇಳುವುದು ಸುಲಭ. ಆದರೆ ಎಲ್ಲರೆಂಬ ಮಾತಿನಲ್ಲಿ ಬಹುಕಾಲ ಎಲ್ಲರೂ ಇರಲಿಲ್ಲ. ದೇಶದ ಅನೇಕ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗಿನ ಜಗುಲಿ, ಬೇರೆಯ ಲೋಟ.

ಹೊಸ ನಗರಕ್ಕೆ ಬಂದ ಪ್ರವಾಸಿಯ ಅತಿ ದಾರುಣವಾದ ಅನುಭವವನ್ನು ಡಾ. ಬಿ. ಆರ್. ಅಂಬೇಡ್ಕರರು ತಮ್ಮ ಆತ್ಮಕಥನದ ಬರಹದಲ್ಲಿ ದಾಖಲಿಸಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ಬರೋಡ ಸಂಸ್ಥಾನದ ಕೆಲಸಕ್ಕೆ ಹೋದಾಗ ಆ ನಗರದಲ್ಲಿ ಅವರಿಗೆ ಇಳಿದುಕೊಳ್ಳಲು ಸ್ಥಳವಿರಲಿಲ್ಲ. ಹಿಂದೂ ಹೋಟೆಲು ಅವರನ್ನು ಸೇರಿಸುವಂತಿರಲಿಲ್ಲ. ಪಾರಸಿ ಹೆಸರೊಂದನ್ನು ಬರೆಯಿಸಿ ಪಾರಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಗ್ಗೆ ಬಡಿಗೆ ಹಿಡಿದ ಹತ್ತಾರು ಜನ ಬಂದು, ಸಂಜೆಯೊಳಗೆ ಹೊರಡಬೇಕೆಂದು ಬೆದರಿಸಿದರು. ಅಂದು ಸಂಜೆ ರೈಲಿನ ಹೊತ್ತಿನವರೆಗೆ ಅವರು ಊರಿನ ಉದ್ಯಾನದಲ್ಲಿ ಕುಳಿತಿದ್ದು, ಮುಂಬಯಿಗೆ ಮರಳಿದರು.

ಅದೇ ಅಂಬೇಡ್ಕರರು ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಜಾತಿ, ಮತ, ಲಿಂಗಗಳ ಕಾರಣದಿಂದ ಯಾರಿಗೂ ತಡೆಯಲಾಗದೆಂದು ಸಾರಿತು. 1955ರ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯು, ಹೋಟೆಲಿನಲ್ಲಿರುವ ಪಾತ್ರೆಗಳನ್ನು ಬಳಸದಂತೆ ಒಬ್ಬನನ್ನು ತಡೆಯುವುದನ್ನೂ ಶಿಕ್ಷಾರ್ಹ ಮಾಡಿತು. ರಾಷ್ಟ್ರದ ಮೂಲಭೂತ ಕಾನೂನಿನಲ್ಲಿ ಹೋಟೆಲಿನ ಬಾಗಿಲಿಗೂ ಒಂದು ಸಾಲು ಮೀಸಲಾದುದು ಆಶ್ಚರ್ಯವೆನಿಸಬಹುದು. ಉದ್ಯಾನದಲ್ಲಿ ಕುಳಿತ ಆ ಸಂಜೆಯನ್ನು ನೆನೆದರೆ ಆಶ್ಚರ್ಯವೆನಿಸದು.

ಕುಟುಂಬ ಸಮೇತರಿಗೆ ನಾಲ್ಕು ಮಾತು

ಮುಂಬಯಿಗೆ ಹೋಗುವ ಕುಟುಂಬಗಳು ದಿನದ ಹೊತ್ತುಗಳನ್ನು ಹಂಚಿಕೊಂಡರೆ ಎರಡು ಮೂರು ದಿನಗಳಲ್ಲಿಯೇ ಈ ಪಂಕ್ತಿಗಳನ್ನೆಲ್ಲ ನೋಡಬಹುದು. ಬೆಳಗಿನ ಹೊತ್ತು ಇರಾಣಿಗೆ ಸರಿ. ಶುದ್ಧ ಸಸ್ಯಾಹಾರಿಗಳು ಬ್ರುನ್, ಬೆಣ್ಣೆ, ಚಹಗಳಲ್ಲಿ ತೃಪ್ತರಾಗಬೇಕು. ಹೆಸರಾಂತ ಮಾವಾ ಕೇಕಿನಲ್ಲಿ ಮೊಟ್ಟೆಯಿರುವುದುಂಟು, ಕೇಳಿಕೊಳ್ಳುವುದೊಳ್ಳೆಯದು. ಮಾಟುಂಗಕ್ಕೆ ಹೋಗುವವರು ಹಸಿವು ತಾರಕಕ್ಕೇರುವ ಮುನ್ನವೇ ಹೊರಡಬೇಕು. ರಜೆಯ ದಿನ ಸಾಲು ಬೀದಿಯವರೆಗೆ ಬರುತ್ತದೆ. ಮುಂಬಯಿಯ ಸಾಮಾನ್ಯ ಹೋಟೆಲಿನಲ್ಲಿ ‘ರೈಸ್ ಪ್ಲೇಟ್’ ಎಂದರೆ ಬರಿಯ ಅನ್ನವಲ್ಲ, ಚಪಾತಿ ಪಲ್ಯಗಳೂ ಸೇರಿದ ಊಟ. ‘ಕಟಿಂಗ್’ ಎಂದರೆ ಅರ್ಧ ಲೋಟ ಚಹ. ದಾದರಿನ ಮರಾಠಿ ಉಪಾಹಾರ ಗೃಹಗಳಲ್ಲಿ ಥಾಲೀಪೀಠ, ಸಾಬೂದಾಣೆ ವಡೆ ಮಕ್ಕಳಿಗೂ ಮೆಚ್ಚಾಗುತ್ತವೆ. ಮಿಸಳದ ಖಾರವನ್ನು ಮಾತ್ರ ಮೊದಲು ದೊಡ್ಡವರೇ ಪರೀಕ್ಷಿಸತಕ್ಕದ್ದು.

ಕಾಲಬಾದೇವಿಯ ಗುಜರಾತಿ ಭೋಜನಾಲಯಗಳು ವ್ಯಾಪಾರಕ್ಕೆ ಬಂದ ಒಂಟಿ ವರ್ತಕರಿಗಾಗಿ ಹುಟ್ಟಿದವು. 1945ರಿಂದ ನಡೆದುಬಂದ ‘ಠಾಕರ್ ಭೋಜನಾಲಯ’ ಅವುಗಳಲ್ಲೊಂದು. ತಟ್ಟೆಯ ತುಂಬ ಬಟ್ಟಲುಗಳು. ಬಟ್ಟಲು ಬರಿದಾಗಲು ಬಿಡದ ಬಡಿಸುವವರು. ಸಾಕೆಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ತಟ್ಟೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದರೆ ಉಂಟು. ಮಾಂಸಾಹಾರಿಗಳಿಗೆ ಭೇಂಡಿ ಬಜಾರು, ಮಹಮ್ಮದಲಿ ರಸ್ತೆಗಳ ನಿಹಾರಿ, ಲಾಲ್‌ಬಾಗಿನ ಮಾಲವಣಿ ಮೀನು ಬೇರೆಯೇ ಒಂದು ಅಧ್ಯಾಯ.

ಇನ್ನೊಂದು ಮುಖ್ಯ ಮಾತು. ಈ ಹಳೆಯ ಊಟದ ಮನೆಗಳಲ್ಲಿ ಮೇಜು ಗಿರಾಕಿಯ ಸ್ವಂತದ್ದಲ್ಲ. ನಾಲ್ವರ ಮೇಜಿನಲ್ಲಿ ಇಬ್ಬರಿದ್ದರೆ, ಉಳಿದೆರಡು ಸ್ಥಳದಲ್ಲಿ ಬೇರೆ ಇಬ್ಬರು ಬಂದು ಕೂರುತ್ತಾರೆ. ಹೊಸಬರಿಗೆ ಮೊದಲು ಮುಜುಗರವಾದೀತು. ಆದರೆ ಯಾವ ತಿಂಡಿ ಚೆನ್ನ, ಯಾವ ರೈಲು ಸುಲಭ, ಯಾವ ಅಂಗಡಿಯವನು ಮೋಸ ಮಾಡುವುದಿಲ್ಲ ಎಂಬುದನ್ನು ಎದುರಿಗೆ ಕುಳಿತ ಆ ಅಪರಿಚಿತನಂತೆ ಯಾವ ಮಾರ್ಗದರ್ಶಿ ಪುಸ್ತಕವೂ ಹೇಳಲಾರದು.

ಉಳಿಯಬೇಕಾದ ಮೇಜು

ಒಂದು ಕಾಲಕ್ಕೆ ಮುಂಬಯಿಯಲ್ಲಿ ನೂರಾರು ಇರಾಣಿ ಅಂಗಡಿಗಳಿದ್ದವು. ಈಗ ಉಳಿದಿರುವುವು ಕೆಲವೇ. ಬಾಡಿಗೆ ಏರಿತು, ಮೂಲೆಯ ಮಳಿಗೆಗಳಿಗೆ ಚಿನ್ನದ ಬೆಲೆ ಬಂದಿತು, ಹೊಸ ತಲೆಮಾರಿನವರು ಬೇರೆ ಉದ್ಯೋಗಗಳಿಗೆ ಹೋದರು. ಖಾನಾವಳಿಗಳು ಗಿರಣಿಯೊಂದಿಗೆ ಕ್ಷೀಣಿಸಿದವು. ಕೈಯಲ್ಲಿನ ಫೋನಿನಲ್ಲಿ ಬೆರಳಾಡಿಸಿದರೆ ತಂಗಿದ ಕೋಣೆಯ ಬಾಗಿಲಿಗೇ ಊಟ ಬರುವ ಕಾಲವಿದು. ಪ್ರವಾಸಿಯು ಮತ್ತೆ ತನ್ನ ಬುತ್ತಿಯ ಗಂಟಿಗೇ ಮರಳಿದಂತಾಗಿದೆ. ಗಂಟು ಕಟ್ಟಿದ ಕೈ ಮಾತ್ರ ಬೇರೆ.

ಊಟ ತನ್ನಿಚ್ಛೆ ಎಂಬ ಗಾದೆಯುಂಟು. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕೆಂಬುದು ಅವರವರ ಮನಸ್ಸಿಗೂ ನಂಬಿಕೆಗೂ ಬಿಟ್ಟದ್ದು. ಆದರೆ ಯಾರ ಪಕ್ಕದಲ್ಲಿ ಕೂರುವೆನೆಂಬುದು ಅಷ್ಟು ಸ್ವಂತದ ವಿಷಯವಲ್ಲ. ಆ ಕುರ್ಚಿಗಾಗಿ ಪುಣೆಯಲ್ಲಿ ದೊಡ್ಡವರು ಪ್ರಾಯಶ್ಚಿತ್ತಕ್ಕೆ ಗುರಿಯಾದರು, ಬರೋಡದಲ್ಲಿ ವಿದ್ವಾಂಸರೊಬ್ಬರು ಬೀದಿಪಾಲಾದರು, ಮುಂಬಯಿಯ ಚಾಳುಗಳಲ್ಲಿ ಹೆಂಗಸರು ಒಡವೆ ಅಡವಿಟ್ಟರು, ಕರಾವಳಿಯ ಹುಡುಗರು ತಮ್ಮ ಬಾಲ್ಯವನ್ನೇ ತೆತ್ತರು. ಅಷ್ಟು ಬೆಲೆಯ ಕುರ್ಚಿ ಇಂದು ಒಂದು ‘ಕಟಿಂಗ್’ ಚಹದ ಹಣಕ್ಕೆ ಯಾರಿಗಾದರೂ ದೊರೆಯುತ್ತದೆ. ಮುಂಬಯಿಗೆ ಹೋಗುವ ಕುಟುಂಬಗಳು ಮಕ್ಕಳನ್ನು ಎಲಿಫೆಂಟಾ ಗುಹೆಗಳಿಗೆ ಅವಶ್ಯವಾಗಿ ಕರೆದೊಯ್ಯಲಿ. ಹಾಗೆಯೇ ಒಂದು ಹೊತ್ತು ಅವರನ್ನು ಆ ಹಂಚಿಕೊಂಡ ಮೇಜಿಗೂ ಕರೆದೊಯ್ದು, ಎದುರಿಗೆ ಬಂದು ಕುಳಿತವರಿಗೆ ಉಪ್ಪಿನ ಬಟ್ಟಲನ್ನು ಸರಿಸಿಕೊಡುವುದನ್ನು ಕಲಿಸಲಿ. ಊಟ ಮುಗಿದಮೇಲೆ ಕಾಯುತ್ತ ನಿಂತವರಿಗೆ ತಡಮಾಡದೆ ಸ್ಥಳ ಬಿಟ್ಟು ಏಳುವುದನ್ನೂ ಕಲಿಸಲಿ.